ದ್ಯಾಮವ್ವ ಬೇಡವೆಂದ ಮಂಚ

ನನ್ನ ಹೆಂಡತಿ ಈರವ್ವನ ಬಲಗಾಲಿಗೆ ಕಬ್ಬಿಣದ ಚೂರು ಹೊಕ್ಕಿದ್ದು ಶ್ರಾವಣದ ಎರಡನೇ ಮಂಗಳವಾರ. ಹೊಕ್ಕಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಕೆರೆ ದಂಡೆಯ ದ್ಯಾಮವ್ವನ ಗುಡಿಗೆ ಬರಿಗಾಲಲ್ಲಿ ಹೋಗಿ, ಉಡಿ ತುಂಬಿ, ಬರಿಗಾಲಲ್ಲೇ ಮನೆಗೆ ಬಂದಳು. ಸಾರಿಸಿದ ಪಡಸಾಲೆಯ ಮೇಲೆ ಅವಳ ಹೆಜ್ಜೆಗುಂಟ ಕೆಂಪು ಗುರುತು ಕಂಡಾಗ ಕೈಯಲ್ಲಿದ್ದ ಕುಂಕುಮ ಚೆಲ್ಲಿರಬೇಕು ಎಂದುಕೊಂಡೆ. ಹತ್ತು ವರ್ಷದಿಂದ ಅವಳಿಗೆ ಸಕ್ಕರೆ ಕಾಯಿಲೆ. ಪಾದಕ್ಕೆ ನೋವು ತಿಳಿಯುವುದು ಯಾವಾಗ ನಿಂತುಹೋಗಿತ್ತೋ, ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಚೂರು ನನ್ನ ಅಂಗಡಿಯದೇ ಆಗಿತ್ತು. ಮನೆಯ ಅಂಗಳದಲ್ಲೇ ನನ್ನ ವೆಲ್ಡಿಂಗ್ ಕೆಲಸ ನಡೆಯುತ್ತದೆ.

ದ್ಯಾಮವ್ವನನ್ನು ನಂಬಿದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿನಗಾದ ಅನುಭವ ಬರೆದು ಕೊಡು ಎಂದು ಗುಡಿಯ ಹಿರಿಯರು ಕೇಳಿ ಬಹಳ ದಿನವಾಯಿತು. ನಾನು ತಡ ಮಾಡಿದ್ದಕ್ಕೆ ಕಾರಣವಿದೆ. ಅವ್ವ ಮಾಡಿದ್ದನ್ನು ಬರೆಯಬೇಕಾದರೆ ಮನುಷ್ಯರು ಮಾಡದೆ ಬಿಟ್ಟದ್ದನ್ನೂ ಬರೆಯಬೇಕಾಗುತ್ತದೆ. ಓದಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ, ನನಗೂ ಬಂದಿದೆ. ನಮ್ಮೂರು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಇದೆ ಎಂದಷ್ಟೇ ಹೇಳುತ್ತೇನೆ, ಹೆಸರು ಬರೆಯುವುದಿಲ್ಲ. ನಮಗಾಗಿ ಕಾಯಿದೆ ಮುರಿದ ಒಬ್ಬ ಡಾಕ್ಟರಿಗೆ ಇದರಿಂದ ನೋಟಿಸು ಬರುವುದು ಬೇಡ.

ನನ್ನ ಹೆಸರು ಮಾನಪ್ಪ. ನಮ್ಮದು ಕುಲುಮೆಯ ಮನೆತನ. ಅಪ್ಪ ನೇಗಿಲಿನ ಕುಡ, ಕುಡುಗೋಲು ಬಡಿದ. ನಾನು ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರಿನ ಟ್ರೇಲರ್ ಬೆಸೆಯುತ್ತೇನೆ. ಇವುಗಳ ಜೊತೆಗೆ ನಮ್ಮೂರ ಸರ್ಕಾರಿ ಆಸ್ಪತ್ರೆಗೆ ಹನ್ನೊಂದು ಕಬ್ಬಿಣದ ಮಂಚ ಮಾಡಿಕೊಟ್ಟಿದ್ದೇನೆ. ಅವೆಲ್ಲ ಹರಕೆಯ ಮಂಚಗಳು. ಬೇರೆ ಊರಲ್ಲಿ ದೇವರಿಗೆ ಗಂಟೆ ಕಟ್ಟುತ್ತಾರೆ, ಬೆಳ್ಳಿಯ ಕಣ್ಣು ಕೊಡುತ್ತಾರೆ. ನಮ್ಮ ದ್ಯಾಮವ್ವನ ಪೂಜಾರಿ ನಿಂಗಪ್ಪಜ್ಜ ಹಿಂದೊಮ್ಮೆ, "ಗುಡಿಯಾಗ ಗಂಟಿ ಕಟ್ಟಾಕ ಜಾಗ ಉಳಿದಿಲ್ಲ. ದವಾಖಾನ್ಯಾಗ ಮಂದಿ ನೆಲದ ಮ್ಯಾಲ ಮಲಗ್ಯಾರ, ಅಲ್ಲೊಂದು ಮಂಚ ಹಾಕ್ರಿ. ಅವ್ವಗ ಮುಟ್ಟತೈತಿ" ಎಂದು ಹೇಳಿದ್ದ. ಅದೇ ಪದ್ಧತಿಯಾಯಿತು. ಮಗಳ ಬಾಣಂತನ ಸುಸೂತ್ರವಾದರೆ ಒಂದು ಮಂಚ, ಮಗನ ಜ್ವರ ಇಳಿದರೆ ಒಂದು ಮಂಚ. ತಲೆಗಡೆಯ ತಗಡಿನ ಪಟ್ಟಿಗೆ ನೀಲಿ ಬಣ್ಣ ಬಳಿದು, ಬಿಳಿ ಅಕ್ಷರದಲ್ಲಿ "ದ್ಯಾಮವ್ವನ ಹರಕೆ" ಎಂದು ಬರೆದು, ಕೆಳಗೆ ಹರಕೆ ಹೊತ್ತವರ ಹೆಸರು ಬರೆಯುವುದೂ ನನ್ನದೇ ಕೆಲಸ. ನನ್ನ ಅಕ್ಷರ ಚೆನ್ನಾಗಿವೆ ಎಂದು ಎಲ್ಲರೂ ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಇದು ಕೊಪ್ಪಳ ಬೇರೆ ಜಿಲ್ಲೆಯಾಗಿ ಇಪ್ಪತ್ತು ವರ್ಷ ದಾಟಿದ್ದ ಕಾಲದ ಮಾತು. ಆಸ್ಪತ್ರೆಯ ಬೋರ್ಡಿನ ಮೇಲೆ "ಮೂವತ್ತು ಹಾಸಿಗೆಗಳ ಸಮುದಾಯ ಆರೋಗ್ಯ ಕೇಂದ್ರ" ಎಂದು ಇವತ್ತಿಗೂ ಇದೆ. ಮೊದಲು ನರ್ಸುಗಳೂ ಸಾಕಷ್ಟು ಜನ ಇದ್ದರು. ಒಬ್ಬರು ವರ್ಗವಾಗಿ ಹೋದರು, ಒಬ್ಬರನ್ನು ಬೇರೆ ಕಡೆ ಡೆಪ್ಯುಟೇಷನ್ ಹಾಕಿದರು, ಗುತ್ತಿಗೆಯ ಮೇಲಿದ್ದ ಇಬ್ಬರ ಗುತ್ತಿಗೆ ಮುಗಿಯಿತು, ಹಿರಿಯರಾಗಿದ್ದ ಕಾಸಿಂಬಿ ಸಿಸ್ಟರ್ ನಿವೃತ್ತರಾದರು. ಹೋದವರ ಜಾಗಕ್ಕೆ ಯಾರೂ ಬರಲಿಲ್ಲ. ಕೊನೆಗೆ ಶಕುಂತಲಾ ಎಂಬ ಒಬ್ಬರೇ ಸಿಸ್ಟರ್ ಉಳಿದರು. ಹೆರಿಗೆ ಕೋಣೆಯ ನಾಲ್ಕು ಹಾಸಿಗೆ ನೋಡಿಕೊಳ್ಳುವಷ್ಟರಲ್ಲೇ ಅವರಿಗೆ ಸಾಕುಸಾಕಾಗುತ್ತಿತ್ತು. ದೊಡ್ಡ ವಾರ್ಡಿಗೆ ಬೀಗ ಬಿತ್ತು. "ಸಿಬ್ಬಂದಿ ಕೊರತೆಯಿಂದ ಒಳರೋಗಿ ವಿಭಾಗವನ್ನು ತಾತ್ಕಾಲಿಕವಾಗಿ ಮುಚ್ಚಲಾಗಿದೆ" ಎಂದು ಬಾಗಿಲಿಗೆ ಕಾಗದ ಅಂಟಿಸಿದರು. ಬಿಸಿಲಿಗೆ ಆ ಕಾಗದ ಹಳದಿಯಾಗಿ ಹರಿದು ಹೋದಾಗ ಅದೇ ಮಾತನ್ನು ಹೊಸ ಕಾಗದದ ಮೇಲೆ ಬರೆದು ಅಂಟಿಸಿದರು.

ಆ ವಾರ್ಡಿನ ಬಾಗಿಲಿಗೆ ಚಿಲಕ ಬೆಸೆದವನು ನಾನೇ. ಹಳೆಯ ಚಿಲಕ ಸಡಿಲಾಗಿ ನಾಯಿಗಳು ಒಳಗೆ ಹೋಗಿ ಮಲಗುತ್ತಿದ್ದವಂತೆ. ಕರೆದರು, ಹೋದೆ, ಗಟ್ಟಿಯಾಗಿ ಬೆಸೆದು ಬಂದೆ. ಒಳಗೆ ನಾನು ಮಾಡಿದ ಮಂಚಗಳೇ ಸಾಲಾಗಿ ಕಾಣುತ್ತಿದ್ದವು, ಆದರೂ ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ. ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಇನ್ನೊಂದಿದೆ. ವಾರ್ಡು ಮುಚ್ಚಿದ ಮೇಲೂ ನಮ್ಮ ಜನ ಎರಡು ಮಂಚ ಹರಕೆ ಹೊತ್ತರು, ನಾನು ಮಾಡಿಕೊಟ್ಟೆ. ಅರಿಷಿಣ ಕುಂಕುಮ ಹಚ್ಚಿ, ಹಲಗೆವಾದ್ಯ ಬಡಿಸುತ್ತ ಮೆರವಣಿಗೆಯಲ್ಲಿ ಆಸ್ಪತ್ರೆಗೆ ಒಯ್ದೆವು. ಬೀಗ ತೆಗೆಸಿ, ಮಂಚ ಒಳಗಿಟ್ಟು, ಫೋಟೊ ತೆಗೆಸಿಕೊಂಡು, ಮತ್ತೆ ಬೀಗ ಹಾಕಿಸಿ ಬಂದೆವು. ಒಬ್ಬರ ತಲೆಗೂ ಏನೂ ಹೊಳೆಯಲಿಲ್ಲ.

ಈಗ ಈರವ್ವನ ಕಾಲಿನ ವಿಷಯಕ್ಕೆ ಬರುತ್ತೇನೆ. ಚೂರು ತೆಗೆದು ಅರಿಷಿಣ ಮೆತ್ತಿ ಬಟ್ಟೆ ಕಟ್ಟಿದೆವು. ಮಂಗಳವಾರ ಬರಿಗಾಲಲ್ಲಿ ನಡೆಯುವುದು ಅವಳ ನೇಮವಾಗಿತ್ತು. ಚಪ್ಪಲಿ ಹಾಕಿಕೋ ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. "ಅವ್ವನ ಕಡಿ ಹೋಗೂ ಮುಂದ ಅವ್ವನೇ ಕಾಯ್ತಾಳ" ಎಂದು ಇವಳು ಉತ್ತರ ಕೊಟ್ಟಿದ್ದಳು. ಭಾನುವಾರ ಜ್ವರ ಬಂತು. ಸೋಮವಾರ ಬಟ್ಟೆ ಬಿಚ್ಚಿದರೆ ಪಾದ ಉಬ್ಬಿ ಎರಡು ಬೆರಳು ಕಪ್ಪಾಗಿದ್ದವು, ವಾಸನೆ ಬರುತ್ತಿತ್ತು. ನಮ್ಮೂರ ಡಾಕ್ಟರು ನೋಡಿದವರೇ ಚೀಟಿ ಬರೆದು ಕೊಪ್ಪಳಕ್ಕೆ ಕಳಿಸಿದರು. ಬಸ್ಸಿನ ಹಿಂದಿನ ಸೀಟಿನಲ್ಲಿ ಅವಳ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ರಸ್ತೆಯ ಗುಂಡಿಗೆ ಬಸ್ಸು ಹಾರಿದಾಗ ನನಗೆ ನೋವಾಗುತ್ತಿತ್ತು, ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಅದನ್ನು ಕಂಡೇ ನನಗೆ ಹೆದರಿಕೆಯಾಯಿತು.

ಅಲ್ಲಿ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಎರಡು ಬೆರಳು ತೆಗೆದು, ಪಾದವನ್ನು ಸ್ವಚ್ಛ ಮಾಡಿದರು. ಆ ವೈದ್ಯರನ್ನು ನಾನು ದೂರುವುದಿಲ್ಲ, ಕೈ ತುಂಬ ಕೆಲಸವಿಟ್ಟುಕೊಂಡು ಮನಸಿಟ್ಟು ಮಾಡಿದರು. ಆದರೆ ಸುತ್ತಲ ಊರುಗಳ ವಾರ್ಡು ಮುಚ್ಚಿದರೆ ಜನ ಎಲ್ಲಿಗೆ ಹೋಗಬೇಕು? ಎಲ್ಲರೂ ಅಲ್ಲಿಗೇ ಬಂದಿದ್ದರು. ವರಾಂಡದಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗಿದ್ದರು. ನಾವೂ ಮೂರು ದಿನ ಅಲ್ಲೇ ಇದ್ದೆವು. ನಾಲ್ಕನೇ ದಿನ ವೈದ್ಯರು ಕಾಗದ ಕೊಟ್ಟು ಹೇಳಿದರು, "ಇನ್ನ ಆಪರೇಷನ್ ಕೆಲಸ ಇಲ್ಲ. ಹದಿನಾಲ್ಕು ದಿನ ಮುಂಜಾನಿ ಆರಕ್ಕ, ಮಧ್ಯಾಹ್ನ ಎರಡಕ್ಕ, ರಾತ್ರಿ ಹತ್ತಕ್ಕ ಇಂಜೆಕ್ಷನ್ ಆಗಬೇಕು. ದಿನಾ ಡ್ರೆಸ್ಸಿಂಗ್ ಆಗಬೇಕು. ಕಾಲು ನೆಲಕ್ಕ ತಾಗಬಾರದು. ಇದನ್ನ ನಿಮ್ಮೂರಾಗ ಮಾಡಿಸ್ಕೊಳ್ರಿ. ಅಲ್ಲಿ ಮೂವತ್ತು ಹಾಸಿಗಿ ಅದಾವಲ್ಲ."

"ಅವಕ್ಕ ಬೀಗ ಹಾಕ್ಯಾರ್ರಿ ಸಾಹೇಬ್ರ" ಎಂದೆ.

ಅವರು ಕೈಯಲ್ಲಿದ್ದ ಪಟ್ಟಿ ನೋಡಿದರು. "ನಮ್ಮ ಲಿಸ್ಟಿನಾಗ ಮೂವತ್ತು ಅಂತ ಐತ್ರಿ" ಎಂದು ಹೇಳಿ ಮುಂದಿನ ಚಾಪೆಗೆ ಹೋದರು.

ಶುಕ್ರವಾರ ಊರಿಗೆ ಬಂದು ಡಾಕ್ಟರ ಮುಂದೆ ಆ ಕಾಗದ ಇಟ್ಟೆ. ಚಿಕ್ಕ ವಯಸ್ಸಿನವರು. ಓದಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಮಾನಪ್ಪನವರ, ಔಷಧಿ ಐತಿ, ಮಂಚ ಅದಾವ. ಆದರ ರಾತ್ರಿ ಹತ್ತಕ್ಕ ಇಂಜೆಕ್ಷನ್ ಯಾರು ಕೊಡಬೇಕು? ಶಕುಂತಲಾ ಸಿಸ್ಟರ್ ನಿನ್ನಿಯಿಂದ ಮನಿಗೆ ಹೋಗಿಲ್ಲ. ಹೆರಿಗಿ ಬಿಟ್ಟು ಅವರು ಈ ಕಡಿ ಬಂದ್ರ, ಅಲ್ಲೊಂದು ಜೀವ ಹೋದ್ರ ಯಾರು ಜವಾಬ್ದಾರಿ?"

"ನಾ ಕೊಡ್ತೀನ್ರಿ, ಕಲಿಸಿ ಕೊಡ್ರಿ" ಎಂದೆ.

"ರಕ್ತನಾಳಕ್ಕ ಕೊಡೋದ್ರಿ ಅದು. ವೆಲ್ಡಿಂಗ್ ಅಲ್ಲ."

ಅವರು ತಮಾಷೆಗೆ ಹೇಳಲಿಲ್ಲ, ನನಗೂ ಸಿಟ್ಟು ಬರಲಿಲ್ಲ. ಹಗಲಿನ ಒಂದು ಇಂಜೆಕ್ಷನ್ನು ಮತ್ತು ಡ್ರೆಸ್ಸಿಂಗ್ ಮಾತ್ರ ಹೊರರೋಗಿಗಳ ವೇಳೆಯಲ್ಲಿ ಮಾಡುತ್ತೇನೆ ಎಂದರು. ಶನಿವಾರ ಕೈಗಾಡಿಯ ಮೇಲೆ ಅವಳನ್ನು ಕರೆದೊಯ್ದೆ. ಭಾನುವಾರ ಅದೂ ಇಲ್ಲ. ಖಾಸಗಿ ಆಸ್ಪತ್ರೆಗೆ ಹೋಗಬಹುದಿತ್ತಲ್ಲ ಎನ್ನುವವರು ನನ್ನ ಮನೆಯನ್ನು ಒಮ್ಮೆ ನೋಡಿ ಮಾತಾಡಲಿ. ಸೋಮವಾರ ಡ್ರೆಸ್ಸಿಂಗ್ ಬಿಚ್ಚಿದಾಗ ಗಾಯದ ಅಂಚು ಮತ್ತೆ ಕಪ್ಪಾಗತೊಡಗಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದರು.

"ಹಿಂಗ ಇನ್ನ ಎರಡು ದಿನ ಆದ್ರ ಮೊಣಕಾಲ ಕೆಳಗ ಕಾಲು ತಗೀಬೇಕಾಗತೈತಿ. ಸುಳ್ಳು ಹೇಳಿ ನಿಮಗ ಧೈರ್ಯ ಕೊಡಾಕ ನನಗ ಆಗೂದಿಲ್ಲ."

ಒಳಗೆ ಬಂದೆ. ಈರವ್ವ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು. "ಕಾಲು ಹೋದ್ರ ಹೋಗ್ಲಿ ಬಿಡ್ರಿ, ರೊಟ್ಟಿ ಬಡಿಯಾಕ ಕೈ ಅದಾವಲ್ಲ" ಎಂದಳು. ಅಷ್ಟು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮೂವತ್ತು ವರ್ಷ ಜೊತೆಗೆ ಬಾಳಿದ್ದೇನೆ, ಅವಳು ಅಳುವಾಗ ಭುಜ ಅಲುಗುವುದು ನನಗೆ ಗೊತ್ತು.

ಮರುದಿನ ಶ್ರಾವಣದ ಕೊನೆಯ ಮಂಗಳವಾರ. ಬೆಳಿಗ್ಗೆ ದ್ಯಾಮವ್ವನ ಗುಡಿಗೆ ಹೋದೆ. ಭಕ್ತಿಯಿಂದ ಹೋದೆ ಎಂದು ಬರೆದರೆ ಅವ್ವನ ಮುಂದೆಯೇ ಸುಳ್ಳು ಹೇಳಿದಂತಾಗುತ್ತದೆ. ಜಗಳವಾಡಲು ಹೋದೆ. ನಿನ್ನ ಹತ್ತಿರ ಬರಿಗಾಲಲ್ಲಿ ಬಂದವಳ ಕಾಲನ್ನೇ ತೆಗೆದುಕೊಳ್ಳುತ್ತೀಯಾ, ಇದು ಯಾವ ನ್ಯಾಯ ಎಂದು ಗಟ್ಟಿಯಾಗಿಯೇ ಕೇಳಿದೆ. ಗುಡಿಯಲ್ಲಿದ್ದ ಇಬ್ಬರು ಹೆಂಗಸರು ಎದ್ದು ಹೊರಗೆ ಹೋದರು. ನಿಂಗಪ್ಪಜ್ಜ ಮಾತ್ರ ಬೈಯಲಿಲ್ಲ.

"ಬೈದು ಮುಗೀತ? ಮುಗಿದ್ರ ಹೂ ಕೇಳೂನು, ಕುಂದ್ರು" ಎಂದ.

ಹೂ ಕೇಳುವುದು ನಿಮಗೆಲ್ಲ ಗೊತ್ತಿದ್ದದ್ದೇ. ಅವ್ವನ ಮೂರ್ತಿಯ ಎರಡೂ ಭುಜಕ್ಕೆ ನೀರು ಹಚ್ಚಿ ಹೂವಿನ ಎಸಳು ಅಂಟಿಸುತ್ತಾರೆ. ಮನಸ್ಸಿನ ಬೇಡಿಕೆಯನ್ನು ಬಾಯಿಬಿಟ್ಟು ಹೇಳಬೇಕು. ಬಲಭುಜದ ಎಸಳು ಬಿದ್ದರೆ ಅವ್ವ ಒಪ್ಪಿದಳು, ಎಡದ್ದು ಬಿದ್ದರೆ ಇಲ್ಲ. ನಾನು ಕೈಮುಗಿದು ಕಣ್ಣುಮುಚ್ಚಿ ಹೇಳಿದೆ: "ಅವ್ವಾ, ಈರವ್ವನ ಕಾಲು ಉಳಿಸು. ದವಾಖಾನಿಗೆ ಒಂದು ಮಂಚ ಮಾಡಿ ಹಾಕ್ತೀನಿ."

ಬಹಳ ಹೊತ್ತು ಕುಳಿತೆವು. ಬಲದ್ದೂ ಬೀಳಲಿಲ್ಲ, ಎಡದ್ದೂ ಬೀಳಲಿಲ್ಲ. ನಿಂಗಪ್ಪಜ್ಜ ಕೊನೆಗೆ ನನ್ನ ಕಡೆ ತಿರುಗಿದ.

"ಮಾನಪ್ಪ, ಏನ್ ಕೊಡ್ತೀನಿ ಅಂದಿ?"

"ಮಂಚ."

"ಎಲ್ಲಿ ಹಾಕ್ತೀ?"

ನಾನು ಮಾಡಿದ ಹನ್ನೊಂದು ಮಂಚ ನಾನೇ ಬೆಸೆದ ಚಿಲಕದ ಹಿಂದೆ ಧೂಳು ಹಿಡಿದು ಕುಳಿತಿದ್ದವು. ಅದು ಊರಿನ ಬೇರೆ ಯಾರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ರೂಢಿಯಂತೆ ಮಂಚ ಎಂದೇ ಅಂದಿತ್ತು. ತಲೆ ತಗ್ಗಿಸಿ ಎದ್ದು ಬಂದೆ. ಅವ್ವ ನನ್ನ ಹರಕೆಯನ್ನೇ ಒಪ್ಪಲಿಲ್ಲ, ಇನ್ನು ಕಾಲು ಹೋದಂತೆಯೇ ಎಂದುಕೊಂಡು ಮನೆಗೆ ನಡೆದೆ. ಅಷ್ಟು ಹತಾಶೆ ನನ್ನ ಜನ್ಮದಲ್ಲಿ ಬೇರೆ ಯಾವತ್ತೂ ಆಗಿಲ್ಲ.

ಮಧ್ಯಾಹ್ನ ಅಂಗಡಿಯ ಮುಂದೆ ಒಬ್ಬರು ಬಂದು ನಿಂತರು. ಮೊದಲು ಹೇಳಿದ ಕಾಸಿಂಬಿ ಸಿಸ್ಟರ್. ನಿವೃತ್ತಿಯಾದ ಮೇಲೆ ಗಂಗಾವತಿಯಲ್ಲಿ ಮಗಳ ಮನೆಯಲ್ಲಿದ್ದರು. ನಮ್ಮೂರವರೇ, ಊರ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನರ ಹೆರಿಗೆ ಅವರ ಕೈಯಲ್ಲೇ ಆಗಿದ್ದು. ಮುಖದಲ್ಲಿ ಸಂತೋಷವಿತ್ತು.

"ಮಾನಪ್ಪಣ್ಣ, ಅರಾಮ ಅದೀರಿ? ಮಗಳಿಗೆ ಏಳು ತಿಂಗಳಿಗೇ ಹೆರಿಗಿ ಆಗಿತ್ತು. ಕೂಸು ಉಳಿಯೂದಿಲ್ಲ ಅಂದಿದ್ರು. ನಮ್ಮವ್ವನ ಕಾಲದಿಂದ ದ್ಯಾಮವ್ವಗ ನಡಕೊಂಡು ಬಂದೀವಿ, ಆಕಿಗೇ ಬೇಡ್ಕೊಂಡೆ. ಕೂಸು ಈಗ ಛಲೋ ಐತಿ. ಗುಡಿಗೆ ಹೋಗಿ ಬಂದೆ. ದವಾಖಾನಿಗೆ ಒಂದು ಮಂಚ ಮಾಡಿ ಕೊಡ್ರಿ, ಹೆಸರು ಕೂಸಿಂದ ಬರೀರಿ."

ಬೆಳಿಗ್ಗೆ ನಾನು ಆಡಿದ ಮಾತನ್ನೇ ಅವರ ಬಾಯಲ್ಲಿ ಕೇಳಿದಾಗ ನನಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕೆ ಒಗೆದೆ.

"ಮಂಚ ಯಾರಿಗ್ರಿ ಸಿಸ್ಟರ್? ಇಲಿಗೇನು? ಹನ್ನೊಂದು ಮಾಡಿ ಹಾಕೀನಿ, ಎಲ್ಲಾ ಬೀಗದಾಗ ಅದಾವ. ಊರ ತುಂಬ ಮಂಚ ಕೊಡೂವ್ರೇ ಅದಾರ. ಸೂಜಿ ಹಿಡಿಯೂ ಕೈ ಒಂದೂ ಇಲ್ಲ. ನನ್ನ ಹೆಂಡ್ತಿ ಒಳಗ ಕಾಲು ಕೊಳಿಸ್ಕೊಂಡು ಬಿದ್ದಾಳ. ಆ ದ್ಯಾಮವ್ವಗ ಏನರ ಕೊಡೂದಿದ್ರ ನಿಮ್ಮ ಕೈ ಕೊಡ್ರಿ, ಹದಿನಾಲ್ಕು ದಿನ. ಕಬ್ಬಿಣ ತಗೊಂಡು ಆಕಿ ಏನ್ ಮಾಡ್ಬೇಕು?"

ಅವರಿಗೆ ನಾನು ಯಾವತ್ತೂ ಆ ಧ್ವನಿಯಲ್ಲಿ ಮಾತಾಡಿದವನಲ್ಲ. ಆಡಿದ ತಕ್ಷಣ ಪಶ್ಚಾತ್ತಾಪವಾಯಿತು. ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಈರವ್ವನ ಕಾಲಿನ ಬಟ್ಟೆ ಬಿಚ್ಚಿ ನೋಡಿದರು, ಕೊಪ್ಪಳದ ಕಾಗದ ಕೇಳಿ ಓದಿದರು, ಎಷ್ಟು ಇಂಜೆಕ್ಷನ್ ತಪ್ಪಿವೆ ಎಂದು ವಿಚಾರಿಸಿದರು. ಆಮೇಲೆ ಈರವ್ವನನ್ನು ಸಣ್ಣ ಹುಡುಗಿಯನ್ನು ಬೈದಂತೆ ಬೈದರು.

"ಸಕ್ರಿ ಬ್ಯಾನಿ ಇಟ್ಕೊಂಡು ಬರಿಗಾಲಾಗ ತಿರಗ್ತೀಯೇನ? ಅವ್ವ ನಿನ್ನ ಚಪ್ಪಲ್ ಕದ್ದಾಳೇನ? ಬುದ್ಧಿ ಇಲ್ಲ ನಿನಗ."

ಹೊರಗೆ ಬಂದು ನನಗೆ ಹೇಳಿದರು: "ಮಂಚ ಅಂತ ಬಾಯಿಬಿಟ್ಟು ಹರಕಿ ಹೊತ್ತೀನಿ. ನನ್ನಷ್ಟಕ್ಕ ನಾನೇ ಬದಲಿ ಮಾಡಾಕ ಬರೂದಿಲ್ಲ. ನಡೀರಿ ಗುಡಿಗೆ."

ಒಂದೇ ದಿನ ಎರಡು ಸಲ ನನ್ನನ್ನು ಕಂಡು ನಿಂಗಪ್ಪಜ್ಜ ಹುಬ್ಬೇರಿಸಿದ. ಕಾಸಿಂಬಿ ಸಿಸ್ಟರ್ ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತರು. "ಅವ್ವಾ, ಮಂಚ ಕೊಡ್ತೀನಿ ಅಂದಿದ್ದೆ. ಅದರ ಬದಲಿ ಹದಿನಾಲ್ಕು ದಿನ ಕೆಲಸ ಮಾಡ್ತೀನಿ. ನಡಿಯತೈತಾ ಹೇಳು" ಎಂದರು. ಮಾತು ಮುಗಿಯುವುದಕ್ಕೂ ಬಲಭುಜದ ಎಸಳು ಜಾರುವುದಕ್ಕೂ ಸರಿಹೋಯಿತು. ಬೆಳಿಗ್ಗೆಯಿಂದ ಅಂಟಿಕೊಂಡೇ ಇದ್ದ ಅದೇ ಎಸಳು. ನೀರು ಆರಿದ್ದಕ್ಕೆ ಬಿತ್ತು ಎನ್ನುವವರಿದ್ದಾರೆ. ನೀರು ಆರಿದರೆ ಎಸಳು ಬೀಳುತ್ತದೆ ಎನ್ನುವುದು ನನಗೂ ಗೊತ್ತು. ಆದರೆ ನಾನು ಮಂಚ ಅಂದಾಗ ಬೀಳದೆ, ಅವರು ಕೆಲಸ ಅಂದಾಗ ಬಿದ್ದದ್ದನ್ನು ಎರಡು ಕಣ್ಣಿಂದ ನೋಡಿದ್ದೇನೆ. ಅಲ್ಲೇ ನೆಲಕ್ಕೆ ಹಣೆ ಹಚ್ಚಿ ಅತ್ತೆ.

ಇನ್ನು ಉಳಿದದ್ದು ಡಾಕ್ಟರು. ನಿವೃತ್ತರಾದವರಿಂದ ಕೆಲಸ ಮಾಡಿಸಲು ಕಾಯಿದೆಯಲ್ಲಿ ಅವಕಾಶವಿಲ್ಲ ಎಂದರು. ಕಾಸಿಂಬಿ ಸಿಸ್ಟರ್, "ಕಾಲು ಕಡೀಲಿಕ್ಕೆ ಅವಕಾಶ ಐತೇನ್ರಿ ಸರ್?" ಎಂದು ಮೆಲ್ಲಗೆ ಕೇಳಿದರು. ಡಾಕ್ಟರು ಮೇಜಿನ ಖಾನೆ ತೆಗೆದು ಬೀಗದ ಕೈ ಮುಂದಿಟ್ಟರು. "ಏನಾದ್ರೂ ಹೆಚ್ಚುಕಡಿಮಿ ಆದ್ರ ಮೊದಲು ಹೋಗೂದು ನನ್ನ ನೌಕರಿ. ಅದನ್ನ ತಲಿಯಾಗ ಇಟ್ಕೊಂಡು ಮಾಡ್ರಿ" ಎಂದರು. ಬೀಗವೇನೋ ತೆರೆಯಿತು. ಮಳೆಯ ನೀರು ಇಳಿದಿಳಿದು ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಂಗಡಿಯಿಂದ ಕಟರ್ ತಂದು ನಾನು ಬೆಸೆದದ್ದನ್ನು ನಾನೇ ಕತ್ತರಿಸಿದೆ. ಗಟ್ಟಿ ಬೆಸುಗೆ, ಬಹಳ ಹೊತ್ತು ಹಿಡಿಯಿತು.

ಒಳಗೆ ಮಂಚಗಳ ಮೇಲೆ ಬೆರಳು ದಪ್ಪದ ಧೂಳು. ಶಕುಂತಲಾ ಸಿಸ್ಟರ್ ಹೆರಿಗೆ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತು ನೋಡಿದರು. ತಮ್ಮ ಹಿರಿಯ ಸಿಸ್ಟರನ್ನು ಕಂಡು ಪೊರಕೆ ತಂದು ಗುಡಿಸತೊಡಗಿದರು. ಸಂಜೆಯ ಹೊತ್ತಿಗೆ ಈರವ್ವ ಕಿಟಕಿಯ ಪಕ್ಕದ ಮಂಚದ ಮೇಲೆ, ಕಾಲ ಕೆಳಗೆ ಎರಡು ದಿಂಬಿಟ್ಟುಕೊಂಡು ಮಲಗಿದ್ದಳು. ಹದಿನಾಲ್ಕು ದಿನದ ಎಣಿಕೆ ಹೊಸದಾಗಿ ಶುರುವಾಯಿತು.

ಕಾಸಿಂಬಿ ಸಿಸ್ಟರ್ ಒಂದು ಇಂಜೆಕ್ಷನ್ನನ್ನೂ ಹತ್ತು ನಿಮಿಷ ತಡ ಮಾಡಲಿಲ್ಲ. ವಾರ್ಡಿನ ಮೂಲೆಯ ಮಂಚದಲ್ಲೇ ಮಲಗಿ ಏಳುತ್ತಿದ್ದರು. ನಾನು ನೀರು ಕಾಯಿಸಿ ಕೊಡುವುದು, ನೆಲ ಒರೆಸುವುದು, ಬಟ್ಟೆ ಒಗೆಯುವುದು ಮಾಡಿದೆ. ಆರನೇ ದಿನ ಗಾಯದಲ್ಲಿ ಕೆಂಪು ಮಾಂಸ ಕಂಡಿತು. "ನೋಡ್ರಿ, ಜೀವ ಬಂತು" ಎಂದು ಸಿಸ್ಟರ್ ಕರೆದು ತೋರಿಸಿದರು. ಆ ಕೆಂಪನ್ನು ನೋಡಿ ನಾನು ಪಟ್ಟ ಸಂತೋಷವನ್ನು ಬರೆದು ತಿಳಿಸಲು ಬರುವುದಿಲ್ಲ. ಡಾಕ್ಟರು ಬೆಳಿಗ್ಗೆ ಸಂಜೆ ಎರಡೂ ಹೊತ್ತು ಬಂದು ನೋಡಿದರು. ಹದಿನಾಲ್ಕನೇ ದಿನ, ಕಾಲು ಉಳಿಯಿತು ಎಂದು ಬಾಯಿಬಿಟ್ಟು ಹೇಳಿದರು.

ಇಲ್ಲಿಗೆ ನಿಲ್ಲಿಸಿದರೆ ಇದು ಗುಡಿಯಲ್ಲಿ ಓದಲು ಚೆನ್ನಾಗಿರುತ್ತದೆ. ನಿಲ್ಲಿಸುವುದಿಲ್ಲ.

ವಾರ್ಡು ತೆರೆದಿದೆ ಎಂಬ ಸುದ್ದಿ ಹಬ್ಬಿ ಮೂರೇ ದಿನದಲ್ಲಿ ಆರು ಮಂಚ ತುಂಬಿದ್ದವು. ಎಲ್ಲಿದ್ದರು ಇವರೆಲ್ಲ ಇಷ್ಟು ದಿನ ಎಂದು ನನಗೆ ಆಶ್ಚರ್ಯವಾಯಿತು. ಮನೆಯಲ್ಲೇ ಬಿದ್ದಿದ್ದರು, ಮತ್ತೇನು. ಈರವ್ವನ ಪಕ್ಕದ ಮಂಚಕ್ಕೆ ಹತ್ತಿರದ ಹಳ್ಳಿಯ ಗೌರಮ್ಮ ಎಂಬ ಮುದುಕಿಯನ್ನು ಸೊಸೆ ಕರೆತಂದಿದ್ದಳು. ಎದೆಯಲ್ಲಿ ಕಫ ಕಟ್ಟಿ ಉಸಿರಾಡಲು ಕಷ್ಟವಾಗುತ್ತಿತ್ತು. ಎರಡು ದಿನದಲ್ಲಿ ಎದ್ದು ಕುಳಿತು ಈರವ್ವನ ಜೊತೆ ಹರಟೆ ಹೊಡೆಯತೊಡಗಿದಳು. ತಲೆಗಡೆಯ ಹೆಸರು ಓದಿಸಿಕೊಂಡು, "ನಾನೂ ನೆಟ್ಟಗಾದ್ರ ಇಂಥಾದ್ದೊಂದು ಮಂಚ ಮಾಡಿಸ್ತೀನಿ" ಎಂದಳು. ಈರವ್ವ ನನ್ನ ಮುಖ ನೋಡಿದಳು.

ಹದಿನಾಲ್ಕನೇ ದಿನ ಕಾಸಿಂಬಿ ಸಿಸ್ಟರ್ ಅವರ ಹರಕೆ ತೀರಿತು. ಗಂಗಾವತಿಯಲ್ಲಿ ಅಂಗೈಯಷ್ಟು ಕೂಸನ್ನು ಮಗಳೊಬ್ಬಳೇ ನೋಡಿಕೊಳ್ಳುತ್ತಿದ್ದಳು, ದಿನಕ್ಕೆ ನಾಲ್ಕು ಸಲ ಫೋನು ಬರುತ್ತಿತ್ತು. ಅವರನ್ನು ಇನ್ನೂ ಇರಿ ಎಂದು ಕೇಳುವ ಬಾಯಿ ನನಗಿರಲಿಲ್ಲ. ಉಳಿದವರು ಮನೆಗೆ ಹೋದರು, ಗೌರಮ್ಮನಿಗೆ ಇನ್ನೂ ನಾಲ್ಕು ದಿನ ಇಂಜೆಕ್ಷನ್ ಬೇಕಿತ್ತು. ಡಾಕ್ಟರು ಕುಷ್ಟಗಿಗೆ ಚೀಟಿ ಬರೆದರು. ಆಂಬುಲೆನ್ಸ್ ಹೆರಿಗೆಯ ಕೇಸು ತೆಗೆದುಕೊಂಡು ಕೊಪ್ಪಳಕ್ಕೆ ಹೋಗಿತ್ತು. ಸೊಸೆ ಎಷ್ಟು ಹೊತ್ತೆಂದು ಕಾಯುವಳು? ಬಸ್ಸು ಹತ್ತಿಸಲು ನಾನೇ ಅಜ್ಜಿಯನ್ನು ಕೈಹಿಡಿದು ಕರೆದೊಯ್ದೆ. "ನಿನ್ನ ಹೆಂಡ್ತಿ ಪುಣ್ಯವಂತಿ" ಎಂದಳು ಮೆಟ್ಟಿಲ ಮೇಲೆ ನಿಂತು. ಕುಷ್ಟಗಿ ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ ಮತ್ತೆ ಉಸಿರು ಕಟ್ಟಿ, ಸೊಸೆಯ ತೊಡೆಯ ಮೇಲೆ ಅಜ್ಜಿಯ ಉಸಿರು ನಿಂತಿತಂತೆ. ಮೂರು ದಿನದ ಮೇಲೆ ಗೊತ್ತಾಯಿತು. ಈರವ್ವ ಅವತ್ತು ಊಟ ಮಾಡಲಿಲ್ಲ.

ಅವ್ವ ನಮಗೆ ಕೊಟ್ಟಳು, ಗೌರಮ್ಮನಿಗೆ ಏಕೆ ಕೊಡಲಿಲ್ಲ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿದೆ. ಅವ್ವ ತನ್ನ ಹತ್ತಿರ ಇದ್ದ ಎರಡು ಕೈಗಳನ್ನು ಕೊಟ್ಟಳು. ನಿವೃತ್ತರಾದ ಒಬ್ಬ ಹೆಣ್ಣುಮಗಳು, ಅದೂ ಹದಿನಾಲ್ಕು ದಿನಕ್ಕೆ. ಉಳಿದ ಕೈಗಳನ್ನು ಕೊಡಬೇಕಾದವರು ಗುಡಿಯಲ್ಲಿ ಕುಳಿತಿಲ್ಲ, ಕುರ್ಚಿಯ ಮೇಲೆ ಕುಳಿತಿದ್ದಾರೆ. ಅವರ ಕೆಲಸವನ್ನೂ ದ್ಯಾಮವ್ವನ ತಲೆಗೆ ಕಟ್ಟಿ, ನಾವು ಮಂಚ ಹೊತ್ತು ಮೆರವಣಿಗೆ ಮಾಡಿದೆವು. ನನ್ನ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ. ನನ್ನ ಸಿಟ್ಟೂ ಅಷ್ಟೇ ಗಟ್ಟಿಯಾಗಿದೆ. ಎರಡನ್ನೂ ಅವ್ವನ ಮುಂದೆಯೇ ಇಟ್ಟಿದ್ದೇನೆ, ಅವಳೇನೂ ಬೇಸರ ಮಾಡಿಕೊಂಡಂತಿಲ್ಲ.

ಈರವ್ವ ಈಗ ನಡೆಯುತ್ತಾಳೆ, ಸ್ವಲ್ಪ ವಾಲುತ್ತಾಳೆ. ಮಂಗಳವಾರ ಗುಡಿಗೆ ಚಪ್ಪಲಿ ಹಾಕಿಕೊಂಡೇ ಹೋಗುತ್ತಾಳೆ. ಮೊದಲ ಸಲ ಗುಡಿಯ ಹೊರಗೆ ಬಿಡಲು ಹೋದಾಗ ನಿಂಗಪ್ಪಜ್ಜ, "ಹಾಕ್ಕೊಂಡ ಒಳಗ ಬಾ. ಆಕಿ ನಿನ್ನ ಕಾಲಿಗೆ ಎಷ್ಟು ಕಷ್ಟಪಟ್ಟಾಳ, ಮತ್ತ ಮುಳ್ಳು ಚುಚ್ಚಿಸ್ಕೊಂಡ್ರ ಬೈತಾಳ" ಎಂದ. ಅವ್ವನ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲುವವಳು ಇಡೀ ಊರಲ್ಲಿ ಅವಳೊಬ್ಬಳೇ.

ಕಾಸಿಂಬಿ ಸಿಸ್ಟರ್ ಹೊರಡುವ ದಿನ ಈರವ್ವ ಮಲಗಿದ್ದ ಮಂಚದ ಪಟ್ಟಿಯ ಮೇಲೆ, ಹರಕೆ ಹೊತ್ತವರ ಹೆಸರಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಬಿಳಿ ಬಣ್ಣದಿಂದ "ಕಾಸಿಂಬಿ ಸಿಸ್ಟರ್, ಹದಿನಾಲ್ಕು ದಿನ" ಎಂದು ಬರೆದೆ. ಅವರು ಬೇಡವೆಂದರೂ ಬರೆದೆ. ಅವರು ಹೋದ ಮೇಲೆ ಬಾಗಿಲಿಗೆ ಹೊಸ ಕಾಗದ ಬಂತು, ತಾತ್ಕಾಲಿಕವಾಗಿ ಎನ್ನುವ ಪದ ಹಾಗೆಯೇ ಇತ್ತು. ಮತ್ತೆ ಚಿಲಕ ಬೆಸೆಯಲು ನನ್ನನ್ನು ಕರೆದರು, ನಾನು ಒಲ್ಲೆ ಎಂದೆ. ಯಲಬುರ್ಗಾದಿಂದ ಯಾರನ್ನೋ ಕರೆಸಿ ಮಾಡಿಸಿದರು. ಮಂಚ ಮಾಡಿಸಲು ಬಂದವರನ್ನು ಈಗ ವಾರ್ಡಿನ ಕಿಟಕಿಗೆ ಕರೆದೊಯ್ದು ಒಳಗೆ ತೋರಿಸುತ್ತೇನೆ. ನರ್ಸ್ ಬೇಕೆಂದು ಅರ್ಜಿ ಬರೆಸಿ ಸಹಿ ಹಾಕಿಸುತ್ತೇನೆ. ಹರಕೆ ತೀರಿಸುವ ಅವಸರದಲ್ಲಿರುವವರಿಗೆ ಇದು ಹಿಡಿಸುವುದಿಲ್ಲ. ಕೆಲವರು ಸಿಟ್ಟಾಗಿ ಬೇರೆ ಊರಲ್ಲಿ ಮಂಚ ಮಾಡಿಸಿ ತಂದು ಇಟ್ಟು ಹೋಗಿದ್ದಾರೆ.

ಆ ಯಲಬುರ್ಗಾದವನ ಬೆಸುಗೆ ಸರಿಯಾಗಿಲ್ಲ. ನಾನು ಮುಟ್ಟಿ ನೋಡಿ ಬಂದಿದ್ದೇನೆ, ಸುತ್ತಿಗೆಯ ಒಂದೇ ಏಟಿಗೆ ಬಿಡುತ್ತದೆ. ಬಾಗಿಲು ತೆರೆಯುವ ಕೆಲಸ ನನಗಿರಲಿ. ಒಳಗೆ ಬಂದು ಮಂಚದ ಪಕ್ಕ ನಿಲ್ಲುವವರನ್ನು ಕೊಡು ಎಂದು ಪ್ರತಿ ಮಂಗಳವಾರ ಹೂ ಕೇಳುತ್ತೇನೆ. ಎಸಳು ಇನ್ನೂ ಬಲಕ್ಕೆ ಬಿದ್ದಿಲ್ಲ. ಎಡಕ್ಕೂ ಬಿದ್ದಿಲ್ಲ, ಅದಕ್ಕೇ ಕೇಳುವುದನ್ನು ಬಿಟ್ಟಿಲ್ಲ. ಬರುವ ಮಂಗಳವಾರ ನೀವೂ ಬನ್ನಿ, ನನ್ನ ಜೊತೆ ಕುಳಿತು ಅದನ್ನೇ ಕೇಳಿ.